ಕೊನೆ ಹೇಳುವ ನಾಲ್ಕು ಸಾಲು

ಸಿ.ವಿ. ರಾಮನ್ ನಗರ,
ಗುರುವಾರ, 22 ನವೆಂಬರ್ 2001

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಕೆಳಗಿನ ಮನೆಯವರು ಸಂಪಿನ ಮೋಟರು ಹಾಕಿದರು, ಆ ಸದ್ದಿಗೆ ಎಚ್ಚರವಾಯಿತು. ಹನ್ನೊಂದು ನಿಮಿಷ ನಿದ್ದೆ ಮಾಡಿದ್ದೆ. ಗಡಿಯಾರ ನೋಡಿಕೊಂಡೇ ಕಣ್ಣು ಮುಚ್ಚುವುದು ಈಗ ಅಭ್ಯಾಸವಾಗಿಬಿಟ್ಟಿದೆ.

ಪ್ರೀತಿಯ ರಾಜಿ,

ಎಂಟು ದಿನದಲ್ಲಿ ನಿನ್ನ ಕಾದಂಬರಿ ಓದಿ ಬರೆಯುತ್ತೇನೆ ಎಂದವಳು ಇಪ್ಪತ್ತೈದು ದಿನ ಮಾಡಿದೆ. ಕ್ಷಮಿಸು ಅನ್ನುವುದಕ್ಕೂ ಮುಖವಿಲ್ಲ. ಮಗು ಇದೆಯಲ್ಲ ಎಂದು ನೀನೇ ನನ್ನ ಪರವಾಗಿ ಹೇಳಿಕೊಂಡಿರುತ್ತೀಯ, ಗೊತ್ತು. ಮಗು ಚೆನ್ನಾಗಿದ್ದಾಳೆ. ನಾಲ್ಕೂವರೆ ತಿಂಗಳು ತುಂಬಿತು, ಮಗುಚಿಕೊಳ್ಳಲು ಕಲಿತಿದ್ದಾಳೆ. ಪ್ರೇಮ್‌ಕುಮಾರ್‌ಗೆ ಕಚೇರಿಯಲ್ಲಿ ಕೆಲಸ ಜಾಸ್ತಿ, ಬರುವಾಗ ಏಳೂವರೆ ಆಗುತ್ತದೆ. ನಮ್ಮತ್ತೆ ಮುನಿವೆಂಕಟಮ್ಮ ದೀಪಾವಳಿ ಮುಗಿಸಿಕೊಂಡು ಆವಲಹಳ್ಳಿಗೆ ಹೋದರು. ಹಾಗಾಗಿ ಹಗಲು ನಾನೂ ಅವಳೂ ಇಬ್ಬರೇ. ನೀನೂ ನಿಮ್ಮ ಯಜಮಾನರು ಹುಲಿಗೆಪ್ಪನವರೂ ನಿಮ್ಮ ಅತ್ತೆ ಅಮೃತಮ್ಮನವರೂ ಆರೋಗ್ಯವಾಗಿದ್ದೀರೆಂದು ನಂಬುತ್ತೇನೆ. ನಂಬುತ್ತೇನೆ ಅಂದೆ, ಆದರೆ ಇವತ್ತು ಬೆಳಿಗ್ಗೆಯೇ ಅದು ತಿಳಿಯಿತು. ಹುಲಿಗೆಪ್ಪನವರು ಮನೆಗೆ ಬಂದಿದ್ದರು.

ಅದನ್ನು ಹೇಳುವುದಕ್ಕೇ ಈ ಪತ್ರ. ಐದು ಗಂಟೆಗೆ ಬಾಡಿಗೆ ಲೈಬ್ರರಿಯ ಅಹ್ಮದ್ ಪಾಷಾ ಬರುತ್ತಾರೆ. ಗುರುವಾರ ಅವರು ಕೊನೆಗೆ ನಿಮ್ಮ ಟಿನ್ ಫ್ಯಾಕ್ಟರಿ ಕಡೆ ಪುಸ್ತಕ ಕೊಡಲು ಹೋಗುವುದು ನಿನಗೆ ಗೊತ್ತೇ ಇದೆ. ಪತ್ರವನ್ನು ಅವರ ಕೈಗೆ ಕೊಟ್ಟು, ರಾಜೇಶ್ವರಿಯ ಕೈಗೇ ಕೊಡಬೇಕು, ಮನೆಯಲ್ಲಿ ಬೇರೆ ಯಾರಿಗೂ ಅಲ್ಲ ಎಂದು ಹೇಳುತ್ತೇನೆ. ಅವರಿಗೆ ಕನ್ನಡ ಓದಲು ಬರದು. ಫೋನಿಗಿಂತ ಅವರೇ ವಾಸಿ. ನಿಮ್ಮ ಓನರ್ ಮನೆಗೆ ಫೋನ್ ಮಾಡಿದರೆ ಆ ಮಹಾತಾಯಿ ಬೀದಿಗೆಲ್ಲ ಕೇಳುವ ಹಾಗೆ ನಿನ್ನ ಹೆಸರು ಕೂಗುತ್ತಾಳೆ, ನಿನ್ನ ಹಿಂದೆಯೇ ಅಮೃತಮ್ಮನವರೂ ಬಂದು ನಿಲ್ಲುತ್ತಾರೆ. ನಾನು ಕೇಳಬೇಕಾದ್ದಕ್ಕೆ ಅವರ ಎದುರಿಗೆ ನೀನು ಉತ್ತರಿಸಲಾರೆ.

ಮೊದಲು ವಿಮರ್ಶೆಯ ಸಮಾಚಾರ. ಬರೆದು ಮುಗಿಸಿದೆ. ಸೋಮವಾರ ಶಿವಾಜಿನಗರಕ್ಕೆ ಹೋಗಿ ನಮ್ಮ ಪಾಕ್ಷಿಕದ ಸಂಪಾದಕಿ ಪ್ರಿಯಾಳಿಗೆ ಕೊಟ್ಟೆ. ಮಗುವನ್ನೂ ಎತ್ತಿಕೊಂಡು ಹೋಗಿದ್ದೆ. ಪ್ರೆಸ್ಸಿನ ಮೇಲಿನ ಮಹಡಿ, ಕೆಳಗೆ ಯಂತ್ರ ಓಡುತ್ತಿದ್ದರೆ ಮೇಜೂ ಅಲ್ಲಾಡುತ್ತದೆ. ನಮ್ಮವಳಿಗೆ ಅದು ತೊಟ್ಟಿಲಂತೆ ಆಯಿತು, ನಿದ್ದೆ ಹೋದಳು. ಪ್ರಿಯಾ ಓದಿದಳು. ಓದಿ ಮುಗಿದ ಮೇಲೆ ಕನ್ನಡಕ ತೆಗೆದಳು.

“ಗಂಗಾ, ಬುಕ್ ರಿವ್ಯೂ ಅಂದ್ರೆ ಟ್ರೈಲರ್ ಕಣೇ. ನೀನು ಫುಲ್ ಪಿಕ್ಚರ್ ತೋರಿಸ್ಬಿಟ್ಟಿದ್ದೀಯಲ್ಲ.”

“ಕೊನೆ ಹೇಳದೆ ಈ ಪುಸ್ತಕದ ಬಗ್ಗೆ ಮಾತಾಡಕ್ಕಾಗಲ್ಲ ಪ್ರಿಯಾ.”

“ಮೂರು ವರ್ಷದಿಂದ ಈ ಪೇಜಲ್ಲಿ ಒಬ್ರೂ ಕೊನೆ ಬರ್ದಿಲ್ಲ. ಪತ್ತೇದಾರಿ ಕಾದಂಬರಿಗೆ ಕೊಲೆಗಾರನ ಹೆಸ್ರು ಬರೆದ ಹಾಗಾಯ್ತು ಇದು. ಆಮೇಲೆ ಯಾರ್ ಗುರು ಬುಕ್ ತಗೋತಾರೆ? ಪಾಪ, ನಿನ್ನ ಫ್ರೆಂಡ್‌ದೇ ಅಲ್ವಾ ಪುಸ್ತಕ?”

ನಾನು ಒಪ್ಪಲಿಲ್ಲ. ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ಅವಳು ಹೇಳಿದ್ದು ಇಷ್ಟು: “ಈ ಸಾಲು ನೋಡಿ ಲೇಖಕಿನೇ ಹೂಂ ಅಂದ್ರೆ ಇಡ್ತೀನಿ. ಇಲ್ಲಾಂದ್ರೆ ಆ ನಾಲ್ಕು ಸಾಲಿಗೆ ಕತ್ರಿ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪೇಜ್ ಅಚ್ಚಿನ ಫಿಲ್ಮಿಗೆ ಹೋಗುತ್ತೆ. ಅಷ್ಟರಲ್ಲಿ ಹೇಳು.” ಪತ್ರಿಕೆಯ ಹೊರ ರಟ್ಟು ಆಗಲೇ ಅಚ್ಚಾಗಿ ಬಂದಿತ್ತು. ಅದರಲ್ಲಿ ನಿನ್ನ ಹೆಸರಿದೆ, ಒಳಗೆ ನಿನ್ನ ಫೋಟೋ ಬರುತ್ತದೆ. ವಿಮರ್ಶೆಯನ್ನೇ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಆ ನಾಲ್ಕು ಸಾಲು ಇವು. ನೋಡಿಕೋ:

“ಮಗು ಸತ್ತದ್ದು ಅಜ್ಜಿ ಎರೆದ ನೀರಿನಿಂದಲ್ಲ. ಅದಕ್ಕೆ ಜ್ವರವೂ ಬಂದಿರಲಿಲ್ಲ. ಮಲಗಿಕೊಂಡು ಹಾಲೂಡಿಸುತ್ತಿದ್ದ ತಾಯಿಗೆ ನಿದ್ದೆ ಹತ್ತಿತ್ತು. ಆಕೆ ಇದನ್ನು ಯಾರಿಗೂ ಹೇಳಲಿಲ್ಲ, ಅಜ್ಜಿ ಮತ್ತೆ ಯಾವ ಮಗುವಿಗೂ ನೀರೆರೆಯಲಿಲ್ಲ.”

ಸೋಮವಾರ ನನಗೆ ಇವು ಬರಿಯ ವಿಮರ್ಶೆಯ ಸಾಲುಗಳಾಗಿದ್ದವು. ನೀನು ಪುಸ್ತಕ ಕೊಡುವಾಗ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಹೇಳಿದ್ದನ್ನೇ ನಾನು ಆಧಾರವಾಗಿ ಹಿಡಿದಿದ್ದೆ. “ಕೊನೀದು ಮುಚ್ಚಬ್ಯಾಡ ಗಂಗಾ. ಎಲ್ಲಾ ಬರಿ. ನನ್ನ ಬಾಯಾಗ ಅದು ಬರಂಗಿಲ್ಲ.” ಲೇಖಕಿಯರು ತಮ್ಮ ಪುಸ್ತಕದ ಬಗ್ಗೆ ತಾವೇ ಮಾತಾಡಲು ಸಂಕೋಚಪಡುತ್ತಾರೆ, ಅಷ್ಟೇ ಅಂದುಕೊಂಡೆ. ನಗುವೂ ಬಂತು. ಹಾಸ್ಟೆಲಿನಲ್ಲಿ ಕೊನೆಯ ಪುಟ ಮೊದಲು ಓದುತ್ತಿದ್ದವಳು ನೀನು. ಮೆಸ್ಸಿನಲ್ಲಿ ಎಲ್ಲರ ಎದುರಿಗೆ, “ಅಕಿ ಸಾಯ್ತಾಳ ಬಿಡು, ನೀ ಊಟಾ ಮಾಡು” ಎಂದು ನನ್ನ ಕೈಯಲ್ಲಿದ್ದ ಕಾದಂಬರಿಯ ಜೀವ ತೆಗೆದವಳು. ಹುಡುಗಿಯರು ಬಾಳೆಹಣ್ಣಿನ ಸಿಪ್ಪೆ ಎಸೆದರೂ ನಿನಗೆ ಬುದ್ಧಿ ಬಂದಿರಲಿಲ್ಲ. ಅಂಥವಳು ತನ್ನ ಪುಸ್ತಕದ ಕೊನೆಯನ್ನೂ ಹೇಳು ಎಂದರೆ ಆಶ್ಚರ್ಯವೇನು?

ನನ್ನ ಪಾಲಿಗೆ ಇನ್ನೊಂದು ಕಾರಣವೂ ಇತ್ತು. ಅದು ಪಾಷಾ ಅವರಿಂದ ಬಂದದ್ದು. ಅವರ ಲೈಬ್ರರಿಯ ಪುಸ್ತಕಗಳ ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನ ಗುರುತು ಇರುತ್ತದಲ್ಲ, ಸೊನ್ನೆ ಇದ್ದರೆ ಸುಖವಾಗಿ ಮುಗಿಯುವ ಕಥೆ, ಅಡ್ಡಗೆರೆ ಇದ್ದರೆ ಅಳಿಸುವ ಕಥೆ. ಹೊಸ ಪುಸ್ತಕವನ್ನು ಮೊದಲು ಓದಿ ಗುರುತು ಹೇಳಿದವರಿಗೆ ಬಾಡಿಗೆ ಇಲ್ಲ. ಬಸುರಿ, ಬಾಣಂತಿ ಇರುವ ಮನೆಗೆ ಗೆರೆಯ ಪುಸ್ತಕ ಕೊಡುವುದೇ ಇಲ್ಲ. ನನಗೂ ಏಳನೇ ತಿಂಗಳಿನಿಂದ ಅವರು ಸೊನ್ನೆಯ ಪುಸ್ತಕಗಳನ್ನೇ ತಂದು ಕೊಟ್ಟರು. ಮದುವೆ, ಮದುವೆ, ಮದುವೆ. ಓದಿ ಓದಿ ಬಾಯೆಲ್ಲ ಸಿಹಿಯಾಗಿತ್ತು. ನಿನ್ನ ಪುಸ್ತಕ ಅವರ ಚೀಲದಿಂದ ಬಂದದ್ದಲ್ಲ, ನಿನ್ನ ಕೈಯಿಂದ ಬಂದದ್ದು. ಅದಕ್ಕೆ ಗುರುತಿರಲಿಲ್ಲ.

ಐದನೇ ತಾರೀಕು ಸೋಮವಾರ, ಮಗುವಿಗೆ ಹಾಲು ಕೊಡುತ್ತಲೇ ನಿನ್ನ ಕೊನೆಯ ಅಧ್ಯಾಯ ಓದಿದೆ. ಎಲ್ಲಿ ಓದುತ್ತಿದ್ದೆ, ಹೇಗೆ ಕುಳಿತಿದ್ದೆ ಎಂದೆಲ್ಲ ಬರೆಯುವುದಿಲ್ಲ. ಅಂದಿನಿಂದ ನಿದ್ದೆ ಇಲ್ಲ ಎಂದರೆ ಸಾಕು. ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಐದು ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಪ್ರೇಮ್‌ಕುಮಾರ್, “ಡಾಕ್ಟ್ರ ಹತ್ರ ಹೋಗೋಣ್ವಾ, ಮಗುಗಲ್ಲ, ನಿಂಗೆ” ಅಂದರು. ಈ ಸಂಕಟವನ್ನು ಇನ್ನೊಬ್ಬ ಬಾಣಂತಿ ಪಡಬಾರದು, ವಿಮರ್ಶೆಯಲ್ಲೇ ಕೊನೆ ಹೇಳಿಬಿಟ್ಟರೆ ಬೇಕಾದವರು ಓದಲಿ, ಬೇಡವಾದವರು ಬಿಡಲಿ. ಹೀಗೆ ವಾದ ಮಾಡಿಕೊಂಡು ಬರೆದೆ.

ಹೋದ ಗುರುವಾರ ಪಾಷಾ ಅವರ ಜೊತೆಗೂ ಇದೇ ಮಾತು ಬಂತು. ನಿನ್ನ ಕಾದಂಬರಿಯ ಎರಡು ಪ್ರತಿ ಕೊಂಡಿದ್ದಾರಂತೆ, ಗುರುತಿಗಾಗಿ ಕಾಯುತ್ತಿದ್ದರು.

“ಏನಮ್ಮಾ, ಸೊನ್ನೆನಾ ಗೆರೆನಾ?”

“ಗೆರೆ.”

“ಆಯ್ತು.” ಪೆನ್ಸಿಲು ತೆಗೆದು ಎಳೆದೇಬಿಟ್ಟರು. ನಾನು ಯಾಕೆಂದು ವಿವರಿಸಲು ಹೊರಟರೆ ಎರಡೂ ಕೈ ಎತ್ತಿದರು. “ಬೇಡಮ್ಮಾ, ಬೇಡ. ಗೆರೆ ಹಾಕೋದು ನನ್ ಕೆಲ್ಸ. ಗೆರೆ ಯಾಕೆ ಅಂತ ನಾನೂ ಕೇಳಲ್ಲ, ಗಿರಾಕಿಗೂ ಹೇಳಲ್ಲ. ಹೇಳ್ಬಿಟ್ರೆ ಮೂರು ರೂಪಾಯಿ ಕೊಟ್ಟು ಯಾಕೆ ಓದ್ಬೇಕು ಅವ್ರು? ನನ್ ಹತ್ರನೇ ಕೇಳ್ಕೊಂಡು ಹೋಗ್ತಾರೆ, ಪುಕ್ಕಟೆ.”

“ಗುರುತು ತಪ್ಪಿದ್ರೆ?”

“ತಪ್ಪಿತ್ತು ಒಂದ್ಸಲ. ಹಲಸೂರಲ್ಲಿ ಒಬ್ಬಮ್ಮ ಎಂಟು ತಿಂಗಳ ಬಸುರಿ. ಬುಕ್ ಓದಿ ಎರಡು ದಿನ ಊಟ ಬಿಟ್ಲಂತೆ. ಯಜಮಾನ್ರು ಅಂಗಡಿಗೇ ಬಂದು ಕೂಗಾಡಿದ್ರು. ಅವತ್ತಿಂದ ಅಡುಗೆ ಪುಸ್ತಕ ಬಂದ್ರೂ ಕೇಳ್ತೀನಿ, ಯಾರಾದ್ರೂ ಸಾಯ್ತಾರಾ ಅಂತ.”

ನಕ್ಕೆ. ಬಹಳ ದಿನಗಳ ಮೇಲೆ. ಆಮೇಲೆ ಸೋಮವಾರ ಪ್ರಿಯಾಳ ಜೊತೆ ಜಗಳವಾಡುವಾಗ, ಗುರುತು ಸಾಕು, ವಿವರ ಬೇಡ ಅನ್ನುವ ಅವರ ದಾರಿಯೇ ಪ್ರಿಯಾಳ ದಾರಿಗೂ ನನ್ನ ದಾರಿಗೂ ನಡುವಿನದು ಎನಿಸಿತು. ಆದರೂ ಬದಲಾಯಿಸಲಿಲ್ಲ. ನಾನು ಓದಿದವಳು, ಅವರಿಗೆ ಓದಲು ಬರದು ಎಂಬ ಒಂದು ಜಂಬ ಇದ್ದಿರಬೇಕು.

ಈಗ ಬೆಳಗಿನದು. ಒಂಬತ್ತಕ್ಕೆ ಹುಲಿಗೆಪ್ಪನವರು ಬಂದರು. ಇಲ್ಲೇ ಟೆಕ್ ಪಾರ್ಕಿನಲ್ಲಿ ಅವರ ಗಾರೆ ಕೆಲಸವಂತೆ, ದಾರಿಯಲ್ಲಿ ಇಳಿದರಂತೆ. ನೀನು ಕಳಿಸಿದ್ದಲ್ಲ ಎಂದು ಮೊದಲೇ ಹೇಳಿದರು. ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ, ಅಮೃತಮ್ಮನವರು ಮಾಡಿದ್ದು. ಚಪ್ಪಲಿಯನ್ನು ಹೊಸಿಲಿಗಿಂತ ಎರಡು ಮೆಟ್ಟಿಲು ಕೆಳಗೇ ಬಿಟ್ಟು ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಟ್ಟೆಗೆ ಸಿಮೆಂಟು ಹತ್ತಿದೆ ಎಂದರು.

“ಅಕ್ಕಾರ, ಈ ಸಲ ಪೇಪರಿನ್ಯಾಗ ಅಕಿ ಫೋಟೋ ಬರ್ತೈತಂತಲ್ರಿ?”

“ಬರುತ್ತೆ. ಮುಂದಿನ ವಾರ.”

“ಹತ್ತು ಪೇಪರ್ ಹೇಳೀನ್ರಿ ಅಂಗಡ್ಯಾಂವಗ. ನಮ್ಮ ಸೈಟಿನ ಮಂದಿಗೆಲ್ಲಾ ಹೇಳೀನಿ. ಪುಸ್ತಕ ನನಗ ಓದಾಕ ಆಗಂಗಿಲ್ರಿ, ದೊಡ್ಡದೈತಿ. ಒಂದು ಪುಟ ಓದೂದ್ರಾಗ ನಿದ್ದಿ. ನೀವು ಬರದದ್ದು ಒಂದ ಹಾಳಿ ಅಲ್ರಿ? ನಮ್ಮ ತಮ್ಮ ರಾಮು ಗಟ್ಟಿ ಓದ್ತಾನ. ಅವ್ವನ್ನ ಮುಂದ ಕುಂದ್ರಿಸಿ ಓದಸ್ತೀನಿ.”

ನಾನು ಕಾಫಿಗೆ ಹಾಲಿಡಲು ಒಳಗೆ ಹೋದೆ. ಅವರು ಅಲ್ಲಿಂದಲೇ ಮಾತಾಡುತ್ತಿದ್ದರು.

“ಅಜ್ಜಿ, ಮೊಮ್ಮಗನ ಕಥಿ ಅಂತಲ್ರಿ? ಅವ್ವ ದಿನಾ ಕೇಳ್ತಾಳ, ನನ್ನ ಮ್ಯಾಲ ಬರದಾಳೇನಲೇ ಸೊಸಿ, ನನ್ನ ಹೆಸರೈತೇನು, ಅಂತ. ಹಿಗ್ಗು ಅಕಿಗೆ.”

ಆಮೇಲೆ ತೊಟ್ಟಿಲಲ್ಲಿದ್ದ ನಮ್ಮವಳನ್ನು ನೋಡಿದರು. ಹತ್ತಿರ ಹೋಗಲಿಲ್ಲ. ದೂರದಿಂದಲೇ ನೋಡಿ ಹೇಳಿದರು. “ನಮ್ಮವ್ವ ಕೂಸಿಗೆ ಎರಿಯಾದು ಬಿಟ್ಟಾಳ್ರಿ. ಊರಾಗಿದ್ದಾಗ ಓಣಿ ಕೂಸುಗೋಳಿಗೆಲ್ಲಾ ಅಕಿನ ಎರಿತಿದ್ದಳು. ಈಗ ಯಾರು ಕರದ್ರೂ ಕೈ ನಡಗತಾವ ಅಂತಾಳ. ತಾ ಎರದದ್ದಕ್ಕ ನಮ್ಮ ದುರ್ಗೇಶಗ ಜ್ವರ ಬಂತು ಅನ್ನೂದು ತಲ್ಯಾಗ ಕುಂತ್ಬಿಟ್ಟೈತಿ. ಆರು ವರ್ಷಾತು. ಎಷ್ಟ್ ಹೇಳಿದ್ರೂ ಕೇಳಂಗಿಲ್ಲ.”

ಹಾಲು ಉಕ್ಕಿತು. ಒಲೆ ಒರೆಸುತ್ತ ನಿಂತೆ. ಅವರು ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು.

ನಾನು ಎಂಥ ದಡ್ಡಿ ನೋಡು ರಾಜಿ. ಇನ್ನೂರ ಹನ್ನೆರಡು ಪುಟ ಓದಿದವಳು, ಎಂ.ಎ. ಮಾಡಿದವಳು, ಪಾತ್ರಗಳ ಬಗ್ಗೆ ಎರಡು ಹಾಳೆ ಬರೆದವಳು. ಅದು ಕಾದಂಬರಿ ಎಂದೇ ನಂಬಿದ್ದೆ. ನಿನ್ನ ಕೂಸು ದುರ್ಗೇಶ ಹೋದಾಗ ನಾನು ನಿಮ್ಮ ಮನೆಗೆ ಬಂದಿದ್ದೆ. ಅಮೃತಮ್ಮನವರು ನನ್ನ ಎರಡೂ ಕೈ ಹಿಡಿದು, “ನಾನ ಎರದೆನವ್ವಾ, ಈ ಕೈಲೆ ಎರದೆ” ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ನೀನು ಗೋಡೆಗೆ ಮುಖ ಮಾಡಿ ಕುಳಿತಿದ್ದೆ, ತಿರುಗಲಿಲ್ಲ. ದುಃಖಕ್ಕೆ ಹಾಗೆ ಕುಳಿತಿದ್ದಾಳೆ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನಿಜವೇ ಎಂದು ನಾನು ಕೇಳುವುದಿಲ್ಲ. ಅದನ್ನು ನೀನು ನನಗೆ ಹೇಳಬೇಕಾಗಿಲ್ಲ. ಕೇಳಬೇಕಾದ್ದು ಬೇರೆ ಇದೆ.

ನೀನು “ಎಲ್ಲಾ ಬರಿ” ಎಂದದ್ದು ಯಾರಿಗಾಗಿ? ಕಾದಂಬರಿಯನ್ನು ನಿಮ್ಮ ಮನೆಯಲ್ಲಿ ಯಾರೂ ಓದುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಒಂದು ಹಾಳೆಯ ವಿಮರ್ಶೆಯನ್ನು ಓದಿಸಿಕೊಳ್ಳುತ್ತಾರೆ ಎಂದೂ ಗೊತ್ತಿತ್ತೇ? ನಿನ್ನ ಬಾಯಲ್ಲಿ ಬರದ್ದನ್ನು ರಾಮುವಿನ ಬಾಯಲ್ಲಿ, ನನ್ನ ವಾಕ್ಯದಲ್ಲಿ, ಅಮೃತಮ್ಮನವರ ಕಿವಿಗೆ ಮುಟ್ಟಿಸಬೇಕೆಂದೇ ಹಾಗೆ ಹೇಳಿದೆಯಾ? ಹಾಗಿದ್ದರೆ ನಾಲ್ಕು ಸಾಲೂ ಇರಲಿ, ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಅಥವಾ ಅದು ಮೆಟ್ಟಿಲ ಮೇಲೆ ಆಡಿಬಿಟ್ಟ ಒಂದು ಮಾತಷ್ಟೇ, ಹತ್ತು ಪ್ರತಿಯ ಸಂಗತಿಯಾಗಲಿ, ಗಟ್ಟಿಯಾಗಿ ಓದಿಸುವ ಸಂಗತಿಯಾಗಲಿ ನಿನಗೆ ತಿಳಿಯದೇ? ಹಾಗಾದರೆ ಮುಂದಿನ ವಾರ ಒಂದು ಸಂಜೆ, ನೀನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗ, ಬೆನ್ನ ಹಿಂದೆ ರಾಮು ಅದನ್ನು ಓದುತ್ತಾನೆ. ಹುಲಿಗೆಪ್ಪನವರು ಕೇಳುತ್ತಾರೆ, ಬಂದ ಮಂದಿಯೂ ಕೇಳುತ್ತಾರೆ.

ಸಾಲು ತೆಗೆದುಹಾಕು, ಮುಗಿಯಿತಲ್ಲ ಎನ್ನುತ್ತೀಯೇನೋ. ಮುಗಿಯುವುದಿಲ್ಲ. ಅದೇ ನನ್ನ ತಲೆ ತಿನ್ನುತ್ತಿರುವುದು. ಆ ನಾಲ್ಕು ಸಾಲು ತೆಗೆದರೆ ಉಳಿಯುವ ವಿಮರ್ಶೆಯಲ್ಲಿ ಇರುವುದೇನು? ಒಬ್ಬ ಅಜ್ಜಿ, ಬಿಸಿನೀರು, ಎರೆದ ರಾತ್ರಿಯೇ ಜ್ವರ, ಬೆಳಿಗ್ಗೆ ಇಲ್ಲವಾದ ಮಗು. ಅದನ್ನು ಅಮೃತಮ್ಮನವರ ಮುಂದೆ ಕೂತು ಓದಿದರೆ ಅವರಿಗೆ ಏನು ಕೇಳಿಸುತ್ತದೆ? ಸೊಸೆ ಇನ್ನೂರು ಪುಟ ಪುಸ್ತಕ ಬರೆದು ನನ್ನ ಮೇಲೆಯೇ ಹೊರಿಸಿದಳು ಎಂದು. ಹೋಳಿಗೆ ಮಾಡಿ ಕಳಿಸಿದ್ದಾರೆ, ರಾಜಿ. ತಮ್ಮ ಹೆಸರು ಬಂದಿದೆಯೇ ಎಂದು ಕೇಳುತ್ತಿದ್ದಾರೆ.

ಬೆಳಿಗ್ಗೆಯಿಂದ ನಾಲ್ಕು ಸಲ ತಿದ್ದಿ ಬರೆದು ನೋಡಿದೆ. ಅಜ್ಜಿಯನ್ನು ಬಿಟ್ಟು ಬರೆದರೆ ನಿನ್ನ ಕಾದಂಬರಿಯೇ ಇಲ್ಲ. “ಮನಕಲಕುವ ಕೃತಿ, ಭಾಷೆ ಸೊಗಸಾಗಿದೆ” ಎಂಬ ಎರಡು ವಾಕ್ಯ ಉಳಿಯುತ್ತವೆ. ಪ್ರಿಯಾ ಅದನ್ನು ಹಾಕುವುದೂ ಇಲ್ಲ. ಪಾಷಾ ಅವರ ಹಾಗೆ ಬರೀ ಒಂದು ಗೆರೆ ಎಳೆದು ಸುಮ್ಮನಾಗೋಣವೆಂದರೆ, ಗೆರೆ ಓದುಗರಿಗೆ ಸಾಕು, ಅಮೃತಮ್ಮನವರಿಗೆ ಸಾಲದು.

ವಿಮರ್ಶಕಿಯಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ವಾದ ನನಗೇ ಈಗ ಅಳ್ಳಕವಾಗಿದೆ. ನಿನ್ನ ಕಾದಂಬರಿಯ ಶಕ್ತಿ ಕೊನೆಯಲ್ಲಿಲ್ಲ. ಇನ್ನೂರು ಪುಟ ನಾನು ಆ ಅಜ್ಜಿಯನ್ನು ಶಪಿಸಿದೆನಲ್ಲ, ಅದರಲ್ಲಿದೆ. ಮುದುಕಿಗೆ ಯಾಕೆ ಬೇಕಿತ್ತು, ನೀರು ಅಷ್ಟು ಸುಡುತ್ತಿತ್ತು, ಮಳೆ ಬೇರೆ ಬರುತ್ತಿತ್ತು ಎಂದು ಪುಟ ಪುಟಕ್ಕೂ ಬೈದುಕೊಂಡು ಓದಿದವಳು ಕೊನೆಗೆ ತಲೆ ತಗ್ಗಿಸಿದೆ. ಮೊದಲೇ ಕೊನೆ ಗೊತ್ತಿದ್ದರೆ ನಾನು ಆ ಅಜ್ಜಿಯನ್ನು ಬೈಯುತ್ತಿರಲಿಲ್ಲ, ತಲೆ ತಗ್ಗಿಸಬೇಕಾಗಿಯೂ ಇರಲಿಲ್ಲ. ನನ್ನ ನಾಲ್ಕು ಸಾಲು ಓದಿಕೊಂಡು ಪುಸ್ತಕ ಹಿಡಿಯುವವರಿಗೆಲ್ಲ ಆ ಶಿಕ್ಷೆ ತಪ್ಪುತ್ತದೆ. ತಪ್ಪಬಾರದು. ಹೀಗೆ ನೋಡಿದರೆ ಪ್ರಿಯಾ ಹೇಳಿದ್ದೇ ಸರಿ. ಪಾಷಾ ಹೇಳಿದ್ದೂ ಸರಿ.

ಅದೂ ಅಲ್ಲದೆ, ನೀನು ಆ ತಾಯಿಯ ಮಾತನ್ನು ಇನ್ನೂರು ಪುಟ ದಾಟಿ ಬಂದವರಿಗೆ ಮಾತ್ರ ಹೇಳಿದ್ದೀಯ. ಅವಳು ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಕೊಡ ನೀರು ಹೊತ್ತಳು, ಎಷ್ಟು ಮಂದಿಗೆ ರೊಟ್ಟಿ ಬಡಿದಳು, ಆ ರಾತ್ರಿ ಅವಳ ಕಣ್ಣು ಯಾಕೆ ಮುಚ್ಚಿತು ಎಂದು ತಿಳಿದ ಮೇಲೆ ಹೇಳಿದ್ದೀಯ. ನನ್ನ ಹಾಳೆಯಲ್ಲಿ ಅದು ಯಾವುದೂ ಇಲ್ಲ. “ನಿದ್ದೆ ಹತ್ತಿತ್ತು.” ಎರಡೇ ಪದ. ಕೇಳಿದವರು ಎರಡೇ ಪದದಲ್ಲಿ ತೀರ್ಪು ಕೊಡುತ್ತಾರೆ.

ಆದರೂ ಅಮೃತಮ್ಮನವರ ಕೈ ನಡುಗುತ್ತಿದೆಯಲ್ಲ. ಇದಕ್ಕೆ ಯಾವ ವಿಮರ್ಶೆಯ ನಿಯಮದಲ್ಲೂ ನನಗೆ ಉತ್ತರ ಸಿಕ್ಕಲಿಲ್ಲ.

ಆದ್ದರಿಂದ ನೀನೇ ಹೇಳಬೇಕು. ಇಂದು ರಾತ್ರಿಯಾಗಲಿ, ಮುಂಜಾನೆಯಾಗಲಿ, ಬಸ್‌ಸ್ಟಾಪಿನ ಹತ್ತಿರದ ಹಳದಿ ಬೂತಿಗೆ ಬಂದು ಫೋನ್ ಮಾಡು. ಹತ್ತರವರೆಗೆ ತೆಗೆದಿರುತ್ತದೆ, ಬೆಳಿಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಮತ್ತೆ ತೆಗೆಯುತ್ತಾರೆ. ನೀನು “ಇರಲಿ” ಎಂದರೆ ಇರುತ್ತದೆ. ಆಗ ಒಂದು ಕೆಲಸ ಮಾತ್ರ ಮಾಡಬೇಕು. ಪೇಪರು ಬರುವ ಮೊದಲೇ, ರಾಮು ಓದುವ ಮೊದಲೇ, ಅಮೃತಮ್ಮನವರಿಗೆ ನೀನೇ ಹೇಳಿರಬೇಕು. ಬೇಕಾದರೆ ನಾನು ಬರುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ. “ಬೇಡ” ಎಂದರೆ ತೆಗೆಸುತ್ತೇನೆ, ಆದರೆ ಅಜ್ಜಿಯ ಭಾಗವನ್ನು ಏನು ಮಾಡಬೇಕೆಂದು ಇಬ್ಬರೂ ಸೇರಿ ಫೋನಿನಲ್ಲೇ ಯೋಚಿಸಬೇಕು. ನೀನು ಸುಮ್ಮನಿದ್ದರೆ ಪ್ರಿಯಾ ಏಳಕ್ಕೆ ಕತ್ತರಿ ಹಾಕುತ್ತಾಳೆ. ಆಗ ಅಚ್ಚಾಗುವುದು ಅಮೃತಮ್ಮನವರ ಮೇಲಿನ ಆಪಾದನೆ ಮಾತ್ರ, ಅದರ ಕೆಳಗೆ ನನ್ನ ಹೆಸರು, ಮೇಲೆ ನಿನ್ನ ಫೋಟೋ.

ಪುಸ್ತಕ ಚೆನ್ನಾಗಿದೆ ಎಂದು ಹೇಳುವುದನ್ನೇ ಮರೆತೆ. ತುಂಬ ಚೆನ್ನಾಗಿದೆ. ನಮ್ಮ ಬ್ಯಾಚಿನಲ್ಲಿ ಬರೆಯುವವಳು ನಾನು ಎಂದು ಮೇಷ್ಟ್ರೆಲ್ಲ ಹೇಳುತ್ತಿದ್ದರು, ನೀನು ಬರೆದು ತೋರಿಸಿದೆ. ಹೊಟ್ಟೆಕಿಚ್ಚು ಸ್ವಲ್ಪ ಇದೆ, ಅದಿರಲಿ. ನಿನ್ನ ಕೈ ಇನ್ನೂ ಹತ್ತು ಪುಸ್ತಕ ಬರೆಯಲಿ, ನಿಮ್ಮ ಮನೆಯಲ್ಲಿ ಮತ್ತೆ ಮಗುವಿನ ದನಿ ಕೇಳಲಿ, ಅಮೃತಮ್ಮನವರು ಗಟ್ಟಿಯಾಗಿರಲಿ. ಅವರಿಗೆ ನನ್ನ ನಮಸ್ಕಾರ ಹೇಳು. ಹೋಳಿಗೆ ತಿಂದೆ ಎಂದೂ ಹೇಳು.

ನಿನ್ನವಳೇ,
ಗಂಗಾ

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದು ಎಂದುಕೊಂಡಿದ್ದೆ. ಪಾಷಾ ಅವರ ಗಾಡಿಯ ಸದ್ದು ಕೆಳಗೆ ಕೇಳಿಸುತ್ತಿದೆ, ಬೇಗ ಬರೆಯುತ್ತೇನೆ.

ನಿನ್ನ ಪುಸ್ತಕ ಓದಿದ ಮೇಲೆ ನಿದ್ದೆ ಹೋಯಿತು ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಅದಕ್ಕೂ ಮೂರು ದಿನ ಮೊದಲು, ಎರಡನೇ ತಾರೀಕು ಶುಕ್ರವಾರ ಮಧ್ಯಾಹ್ನ, ನಮ್ಮತ್ತೆ ಮಗುವಿಗೆ ನೀರೆರೆದು, ಸಾಂಬ್ರಾಣಿ ಹೊಗೆ ಹಾಕಿ, ನನ್ನ ಪಕ್ಕದಲ್ಲಿ ಮಲಗಿಸಿ ಅಂಗಡಿಗೆ ಹೋದರು. “ಪುಸ್ತಕ ಮಡಗಿ ಮಗೀಗೆ ಹಾಲ್ ಕೊಡಮ್ಮಿ, ಅದೇನ್ ಓಡೋಯ್ತದಾ” ಎಂದು ಬೈದೇ ಹೋದರು. ಮಲಗಿಕೊಂಡೇ ಕೊಟ್ಟೆ. ಕಣ್ಣು ಬಿಟ್ಟಾಗ ಅವಳ ಮುಖ ನನ್ನ ಎದೆಯಡಿ ಇತ್ತು. ತುಟಿ ನೀಲಿಯಾಗಿತ್ತು. ಬೆನ್ನು ತಟ್ಟಿದೆ, ಅಂಗಾಲಿಗೆ ಹೊಡೆದೆ, ಏನು ಮಾಡಿದೆನೋ ಗೊತ್ತಿಲ್ಲ. ಕೆಮ್ಮಿದಳು, ಆಮೇಲೆ ಅತ್ತಳು. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿದ್ದರು.

“ಏನಾಯ್ತಮ್ಮೀ?” ಅಂದರು. ನಾನು ಹೇಳಿದೆ: “ನೀವು ಹಾಕಿದ ಹೊಗೆ ಜಾಸ್ತಿ ಆಯ್ತು.”

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದುಬಿಟ್ಟಿತು. ಸಂಜೆ ಪ್ರೇಮ್‌ಕುಮಾರ್‌ಗೂ ಅದನ್ನೇ ಹೇಳಿದೆ. ಡಾಕ್ಟರು ಮಗು ಚೆನ್ನಾಗಿದೆ, ಹೊಗೆ ಮಾತ್ರ ಹಾಕಬೇಡಿ ಎಂದರು. ಪ್ರೇಮ್‌ಕುಮಾರ್ ಅಮ್ಮನಿಗೆ ಎಲ್ಲರ ಎದುರಿಗೆ ಅಂದರು, ಅಂದೇ ಅಂದರು. ಅಂದಿನಿಂದ ಆ ಹೆಂಗಸು ಮಗುವನ್ನು ಎತ್ತಿಕೊಳ್ಳಲಿಲ್ಲ. ಹಬ್ಬದ ದಿನವೂ ದೂರದಿಂದಲೇ ನೋಡಿದರು. ಊರಿಗೆ ಹೊರಟಾಗ, “ನಿಮ್ಮಮ್ಮನ್ನ ಕರಸ್ಕೊಳಮ್ಮಿ, ಅವರಿಗೆ ಗೊತ್ತಾಗ್ತದೆ” ಎಂದು ನನ್ನ ತಲೆ ಸವರಿ ಹೋದರು.

ನಿನ್ನ ಕೊನೆಯನ್ನು ಊರಿಗೆಲ್ಲ ಹೇಳಬೇಕೆಂದು ಪ್ರಿಯಾಳ ಹತ್ತಿರ ಅರ್ಧ ಗಂಟೆ ವಾದಿಸಿದವಳು ನನ್ನದನ್ನು ಯಾರಿಗೂ ಹೇಳಿಲ್ಲ. ನೀನೇ ಮೊದಲು. ನೀನು ಆರು ವರ್ಷ ಅಮೃತಮ್ಮನವರ ಎದುರಿಗೆ ಹೇಗೆ ಕೂತೆ? ನನಗೆ ಇಪ್ಪತ್ತು ದಿನಕ್ಕೇ ಆಗುತ್ತಿಲ್ಲ. ಭಾನುವಾರ ಪ್ರೇಮ್‌ಕುಮಾರ್ ಆವಲಹಳ್ಳಿಗೆ ಹೋಗೋಣ ಎನ್ನುತ್ತಿದ್ದಾರೆ. ನನಗೆ ಮೊದಲ ವಾಕ್ಯವೇ ಸಿಗುತ್ತಿಲ್ಲ.

ನಾಲ್ಕು ಸಾಲಿಗೆ ನೀನು ಹೂಂ ಅನ್ನು, ಊಹೂಂ ಅನ್ನು, ಏನೂ ಹೇಳದಿದ್ದರೂ ಪರವಾಗಿಲ್ಲ. ಬೂತಿನಲ್ಲಿ ಸುಮ್ಮನೆ ರಿಸೀವರ್ ಹಿಡಿದು ನಿಂತರೂ ಸರಿ. ಫೋನ್ ಪಕ್ಕದಲ್ಲೇ ಕೂತಿರುತ್ತೇನೆ, ಮೊದಲ ರಿಂಗಿಗೇ ಎತ್ತುತ್ತೇನೆ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡು ರಾಜಿ, ನಿನ್ನ ದಮ್ಮಯ್ಯ, ಒಂದೇ ಒಂದು ಸಲ.